ಹಳೆಯ ಸಹೋದ್ಯೋಗಿ ತೀರಿಕೊಂಡಾಗ

ಪೀಣ್ಯದ ಟೂಲ್ ರೂಮಿನಲ್ಲಿ ನನ್ನ ಪಕ್ಕದ ಮೆಷಿನ್ನಿನಲ್ಲಿ ದುಡಿಯುತ್ತಿದ್ದವರು ಹೃದಯಾಘಾತದಿಂದ ತೀರಿಕೊಂಡರು. ಸುದ್ದಿ ಬರುವ ಹೊತ್ತಿಗೆ ನಾವಿಬ್ಬರೂ ಆ ಕಾರ್ಖಾನೆ ಬಿಟ್ಟು ವರ್ಷಗಳೇ ಆಗಿದ್ದವು. ನೆಂಟರು ಹೋದರೆ ಸೂತಕವಿದೆ, ರಜೆ ಕೇಳಬಹುದು, ನಾಲ್ಕು ಜನ ಮನೆಗೆ ಬಂದು ಮಾತನಾಡಿಸುತ್ತಾರೆ. ಹಳೆಯ ಸಹೋದ್ಯೋಗಿ ಹೋದರೆ ಇದ್ಯಾವುದೂ ಇಲ್ಲ. ಮರುದಿನ ಎಂದಿನಂತೆ ಶಿಫ್ಟಿಗೆ ಹೋದೆ. ಸೂಕ್ಷ್ಮ ಅಳತೆ ತೆಗೆಯುವ ವರ್ನಿಯರ್ ಕ್ಯಾಲಿಪರ್ ಕೈಗೆತ್ತಿಕೊಂಡಾಗ ದುಃಖ ಉಕ್ಕಿ ಬಂತು.

ಅಳತೆ ತೆಗೆಯುವ ಮೊದಲು ಅದರ ದವಡೆಗಳನ್ನು ಬಟ್ಟೆಯಿಂದ ಒರೆಸಿ, ಪೂರ್ತಿ ಮುಚ್ಚಿ, ಬೆಳಕಿಗೆ ಹಿಡಿದು ನೋಡುವುದನ್ನು ಕಲಿಸಿದವರು ಅವರೇ. ಸಂದಿಯಲ್ಲಿ ಬೆಳಕು ತೂರಿದರೆ ಆ ಕ್ಯಾಲಿಪರ್ ಅನ್ನು ಪಕ್ಕಕ್ಕಿಡುತ್ತಿದ್ದರು. 0.02 ಮಿಲಿಮೀಟರ್ ಅವರ ಪಾಲಿಗೆ ಸಣ್ಣ ಅಳತೆಯಾಗಿರಲಿಲ್ಲ.

ಹನ್ನೊಂದನೆಯ ದಿನದ ಕಾರ್ಯಕ್ಕೆ ಕುಣಿಗಲ್ ಕಡೆಯ ಅವರ ಊರಿಗೆ ಹೋದೆ. ಸಮಾಧಾನದ ಮಾತು ಹೇಳಲು ನನಗೆ ಬರುವುದಿಲ್ಲ, ಅಲ್ಲಿ ಅದನ್ನು ಹೇಳುವವರು ಬೇಕಾದಷ್ಟು ಜನರಿದ್ದರು. ನಾನು ಅವರ ಹೆಂಡತಿಯ ಬಳಿ ಕುಳಿತು ಈ ಕ್ಯಾಲಿಪರ್ ವಿಷಯ ಹೇಳಿದೆ. ಹೊಸ ಹುಡುಗರಿಗೆ ಗದರದೆ ಕೆಲಸ ಕಲಿಸುತ್ತಿದ್ದುದನ್ನೂ ಹೇಳಿದೆ. ಆಕೆ ಒಳಗಿನಿಂದ ಮಗನನ್ನು ಕರೆದು, "ಇನ್ನೊಂದು ಸಲ ಹೇಳಿ ಅಣ್ಣಾ, ಇವನೂ ಕೇಳಲಿ" ಎಂದರು. ಮನುಷ್ಯ ದಿನದ ಎಂಟು ಗಂಟೆ ಹೇಗಿದ್ದ ಎಂಬುದು ಮನೆಯವರಿಗೆ ಗೊತ್ತಿರುವುದಿಲ್ಲ. ಅದು ಜೊತೆಯಲ್ಲಿ ದುಡಿದವರ ಬಳಿ ಮಾತ್ರ ಇರುತ್ತದೆ, ಅದನ್ನು ಅವರಿಗೆ ತಲುಪಿಸಲೇಬೇಕು. ಎರಡನೆಯ ಸಲ ಹೇಳುವಾಗ ನಾನೂ ಅತ್ತೆ. ಸುದ್ದಿ ಬಂದ ಮೇಲೆ ಮನಸ್ಸು ಸ್ವಲ್ಪ ಹಗುರವಾಗಿದ್ದು ಆಗಲೇ.

ಆಮೇಲಿನದು ಪಿಎಫ್ ಕೆಲಸ. ಅವರು ಬೇರೆ ಕಡೆ ಕೆಲಸದಲ್ಲಿರುವಾಗಲೇ ತೀರಿಕೊಂಡಿದ್ದರಿಂದ ಪಿಎಫ್ ಹಣದ ಜೊತೆಗೆ, ಪಿಎಫ್ ಸದಸ್ಯರಿಗೆ ಇರುವ ಇಡಿಎಲ್‌ಐ ಎಂಬ ಜೀವವಿಮೆಗೂ ಕುಟುಂಬಕ್ಕೆ ಹಕ್ಕಿತ್ತು. ಗರಿಷ್ಠ 7 ಲಕ್ಷ ರೂಪಾಯಿಯವರೆಗೆ ಸಿಗುವ ಈ ವಿಮೆಗೆ ಕಾರ್ಮಿಕನ ಸಂಬಳದಿಂದ ಏನೂ ಕಡಿತವಾಗುವುದಿಲ್ಲ, ಹಾಗಾಗಿಯೇ ಎಷ್ಟೋ ಮನೆಯವರಿಗೆ ಅದು ಇರುವುದೇ ತಿಳಿದಿಲ್ಲ. ಪಿಎಫ್‌ಗೆ ಫಾರಂ 20, ವಿಮೆಗೆ 5ಐಎಫ್, ಪಿಂಚಣಿಗೆ 10ಡಿ. ಹೆಂಡತಿಗೆ ಪಿಂಚಣಿ, ಇಬ್ಬರು ಮಕ್ಕಳಿಗೆ 25 ವರ್ಷ ತುಂಬುವವರೆಗೆ ಬೇರೆ ಪಿಂಚಣಿ. ಮರಣ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಎಲ್ಲದರಲ್ಲೂ ಹೆಸರಿನ ಅಕ್ಷರ ಒಂದೇ ರೀತಿ ಇದೆಯೇ ಎಂದು ಆಕೆಯೊಂದಿಗೆ ಕುಳಿತು ನೋಡಿದೆ. ಅವರು ಕಲಿಸಿದ ನಿಗಾ ಅವರ ಮನೆಯ ಕಾಗದಗಳಿಗೇ ಬೇಕಾಯಿತು.

ದುಃಖ ಅಷ್ಟಕ್ಕೇ ಮುಗಿಯಲಿಲ್ಲ. ನಮ್ಮ ಹಳೆಯ ಗುಂಪಿನ ಇನ್ನೊಬ್ಬರಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಲು ಹೇಳಿದೆ. ಕನ್ನಡದಲ್ಲೇ ಮಾತನಾಡಿದರಂತೆ. ಪಿಎಫ್ ಖಾತೆಗೆ ಇ-ನಾಮಿನೇಷನ್, ಅಂದರೆ ಹಣ ಯಾರಿಗೆ ಸೇರಬೇಕೆಂಬ ಹೆಸರನ್ನು ಆನ್‌ಲೈನ್‌ನಲ್ಲಿ ದಾಖಲು, ಮಾಡಿಸಿ ಎಂದು ಗುಂಪಿನ ಎಲ್ಲರಿಗೂ ಫೋನ್ ಮಾಡಿದೆ. ಕೆಲವರು ಮಾಡಿಸಿದ್ದಾರೆ. ಉಳಿದವರಿಗೆ ಭಾನುವಾರಗಳಲ್ಲಿ ಫೋನ್ ಮಾಡುತ್ತಲೇ ಇದ್ದೇನೆ.