ಲೈಕ್ ನೋಡಿ ಮತ ಕೇಳೋದು: ರಾಯಚೂರು ಸೀಮೆಯಲ್ಲಿ ನಾನು ಮಾಡಿದ ಕೆಲಸ

2023ರ ವಿಧಾನಸಭೆ ಚುನಾವಣೆಯಲ್ಲಿ ರಾಯಚೂರು ಜಿಲ್ಲೆಯ ಒಂದು ಕ್ಷೇತ್ರದ ಅಭ್ಯರ್ಥಿಗೆ ಡೇಟಾ ಮತ್ತು ಸೋಷಿಯಲ್ ಮೀಡಿಯಾ ಕೆಲಸ ಮಾಡಿಕೊಟ್ಟೆ. ಯಾರು, ಯಾವ ಪಕ್ಷ ಅಂತ ಹೇಳುವುದಿಲ್ಲ. ಗೆದ್ದರೋ ಸೋತರೋ ಅಂತಲೂ ಹೇಳುವುದಿಲ್ಲ. ಹೇಳಿದರೆ ಅರ್ಧ ಜಿಲ್ಲೆಗೆ ಗೊತ್ತಾಗಿಬಿಡುತ್ತೆ. ಈ ಲೈನಿಗೆ ಬರೋ ಹುಡುಗರು ಈಗ ಜಾಸ್ತಿ, ಹಾಗಾಗಿ ಕೆಲಸ ಹೇಗೆ ನಡೀತು ಅನ್ನೋದನ್ನ ಬರೆಯುತ್ತಿದ್ದೇನೆ.

ಮೊದಲ ಮೀಟಿಂಗ್‌ನಲ್ಲೇ ಅಭ್ಯರ್ಥಿಯ ಅಳಿಯ ಕೇಳಿದರು: "ಸರ, ಅಮೆರಿಕಾದಾಗ ಟ್ರಂಪ್‌ಗೆ ಮಾಡಿದ್ರಲ್ಲ, ಫೇಸ್‌ಬುಕ್ ನೋಡಿ ಮನಸ್ಸು ತಿಳಕೊಳ್ಳೋದು, ಅದನ್ನ ನಮಗೂ ಮಾಡ್ರಿ. ರೊಕ್ಕದ ಚಿಂತಿ ಬ್ಯಾಡ." ರೊಕ್ಕದ ಚಿಂತೆ ಬೇಡ ಅನ್ನೋರ ಹತ್ತಿರ ರೊಕ್ಕ ವಸೂಲಿ ಮಾಡೋದೇ ದೊಡ್ಡ ಚಿಂತೆ. ಅದಿರಲಿ.

ಆ ಅಮೆರಿಕದ ಕಥೆಯನ್ನ ಮೊದಲು ಬಿಡಿಸಿ ಹೇಳಬೇಕಾಯಿತು. 2013ರಲ್ಲಿ ಮಿಹಾಲ್ ಕೊಸಿನ್ಸ್ಕಿ ಅನ್ನೋ ಮನಃಶಾಸ್ತ್ರ ಸಂಶೋಧಕ ಮತ್ತು ಜೊತೆಗಾರರು 58,000 ಜನರ ಫೇಸ್‌ಬುಕ್ ಲೈಕ್ ಇಟ್ಟುಕೊಂಡು ಒಂದು ಸಂಶೋಧನೆ ಪ್ರಕಟಿಸಿದರು. ಲೈಕ್ ನೋಡಿಯೇ ಮನುಷ್ಯನ ಸ್ವಭಾವ, ರಾಜಕೀಯ ಒಲವು ಅಂದಾಜು ಮಾಡಬಹುದು ಅಂತ ತೋರಿಸಿದರು. ಕರ್ಲಿ ಫ್ರೈಸ್ ಅನ್ನೋ ಆಲೂಗಡ್ಡೆ ತಿಂಡಿಯ ಪೇಜ್ ಲೈಕ್ ಮಾಡಿದವರ ಬುದ್ಧಿಮತ್ತೆ ಜಾಸ್ತಿ ಅನ್ನೋದೂ ಅದರಲ್ಲೇ ಬಂದಿದ್ದು. 2015ರಲ್ಲಿ ಇನ್ನೊಂದು ಅಧ್ಯಯನ ಬಂತು. 10 ಲೈಕ್ ಸಿಕ್ಕರೆ ಕಂಪ್ಯೂಟರ್ ನಿಮ್ಮನ್ನ ಸಹೋದ್ಯೋಗಿಗಿಂತ ಚೆನ್ನಾಗಿ ಅಳೆಯುತ್ತೆ, 70 ಸಿಕ್ಕರೆ ಗೆಳೆಯನಿಗಿಂತ, 300 ಸಿಕ್ಕರೆ ಕಟ್ಟಿಕೊಂಡವರಿಗಿಂತ. ಅಳೆಯೋದು ಐದು ಗುಣಗಳನ್ನ: ಹೊಸದರ ಕುತೂಹಲ, ಶಿಸ್ತು, ಜನರೊಡನೆ ಬೆರೆಯೋದು, ಹೊಂದಿಕೊಂಡು ಹೋಗೋದು, ಬೇಗ ಕಳವಳ ಪಡೋದು.

ಟ್ರಂಪ್ ಪ್ರಚಾರಕ್ಕೆ ಕೆಲಸ ಮಾಡಿದ ಕೇಂಬ್ರಿಡ್ಜ್ ಅನಲಿಟಿಕಾ ಅನ್ನೋ ಕಂಪನಿ ಇದನ್ನೇ ಮತದಾರರ ಮೇಲೆ ಹಚ್ಚುತ್ತೇವೆ ಅಂತ ಮಾರಿತು. ಅದಕ್ಕೆ ಮಾಹಿತಿ ಒದಗಿಸಿದ ಅಲೆಕ್ಸಾಂಡರ್ ಕೋಗನ್ ಅನ್ನೋ ಸಂಶೋಧಕರ ಕ್ವಿಜ್ ಆ್ಯಪ್ ಹಾಕಿಕೊಂಡವರು ಸುಮಾರು 2.7 ಲಕ್ಷ ಜನ. ಆಗಿನ ಫೇಸ್‌ಬುಕ್ ನಿಯಮದಂತೆ ಅವರ ಸ್ನೇಹಿತರ ಮಾಹಿತಿಯೂ ಹೋಯಿತು, ಒಟ್ಟು 8.7 ಕೋಟಿ ಜನರದ್ದು ಇರಬಹುದು ಅಂತ ಫೇಸ್‌ಬುಕ್ಕೇ ಹೇಳಿತು. ಭಾರತದಲ್ಲಿ ಆ ಆ್ಯಪ್ ಹಾಕಿಕೊಂಡವರು ಬರೀ 335 ಜನ, ಮಾಹಿತಿ ಹೋಗಿರಬಹುದಾದವರು 5.62 ಲಕ್ಷ. 2018ರ ಮಾರ್ಚ್‌ನಲ್ಲಿ ಬಯಲಾಯಿತು, ಮೇನಲ್ಲಿ ಕಂಪನಿ ಮುಚ್ಚಿತು. ಮರುವರ್ಷ ಫೇಸ್‌ಬುಕ್‌ಗೆ 500 ಕೋಟಿ ಡಾಲರ್ ದಂಡ ಬಿತ್ತು.

"ಅಂದ್ರ ನಮಗ ಆಗಲ್ಲೇನ್ರಿ?" ಅಂದರು ಅಳಿಯ. ಹಾಗೇ ಆಗಲ್ಲ. ಸ್ನೇಹಿತರ ಮಾಹಿತಿ ಎಳೆಯೋ ದಾರಿ ಎಂದೋ ಬಂದ್ ಆಗಿದೆ. 2022ರ ಜನವರಿಯಿಂದ ಧರ್ಮ, ರಾಜಕೀಯ ಒಲವಿನಂಥ ವಿಷಯಗಳ ಮೇಲೆ ಜನರನ್ನ ಆರಿಸಿ ಜಾಹೀರಾತು ಬಿಡೋ ಆಯ್ಕೆಯನ್ನೂ ಫೇಸ್‌ಬುಕ್‌ನ ಒಡೆತನದ ಕಂಪನಿ ಮೆಟಾ ತೆಗೆದುಹಾಕಿತು. ಆದರೆ ಹಾಗೇ ಮಾಡಬೇಕಾ ಅನ್ನೋದೇ ನನ್ನ ಪ್ರಶ್ನೆಯಾಗಿತ್ತು.

ಯಾಕೆ ಅಂದರೆ ನಮ್ಮ ಕಡೆ ಲೈಕ್ ಯಾರದು ಅನ್ನೋದೇ ಗೊತ್ತಾಗಲ್ಲ. ನಮ್ಮ ಬೂತ್ ಕಾರ್ಯಕರ್ತರೊಬ್ಬರ ಮನೆಯಲ್ಲಿ ಕೂತು ಅವರ ಫೋನಿನ ಯೂಟ್ಯೂಬ್ ತೆರೆದು ನೋಡಿದೆ, ಅವರನ್ನ ಕೇಳಿಯೇ. ಮೇಲೆ ಯಲ್ಲಮ್ಮನ ಪದ. ಕೆಳಗೆ ಕೆಸರಿನಲ್ಲಿ ಟ್ರ್ಯಾಕ್ಟರ್ ಮುಂದಿನ ಗಾಲಿ ಎತ್ತೋ ವಿಡಿಯೊ. ಅದರ ಕೆಳಗೆ ಮಕ್ಕಳ ಅ ಆ ಇ ಈ, ಆಮೇಲೆ ಭತ್ತದ ರೇಟು, ಆಮೇಲೆ ಮೊಣಕಾಲು ನೋವಿಗೆ ಮನೆಮದ್ದು. ಅವ್ವ, ಮಗ, ಮೊಮ್ಮಗ, ಮನೆ ಯಜಮಾನ ಎಲ್ಲಾ ಒಂದೇ ಫೋನಿನಲ್ಲಿ. ಇದರಿಂದ ಕಂಪ್ಯೂಟರ್ ಯಾರ ಸ್ವಭಾವ ಹೇಳೀತು? ಇನ್ನು ತೆಲುಗು ಹೀರೋಗಳ ಪೇಜ್ ಲೈಕ್ ಮಾಡಿದವರನ್ನ ಹಿಡಿದರೆ ಕ್ಯಾಂಪ್‌ಗಳ, ಅಂದರೆ ಆಂಧ್ರದಿಂದ ಬಂದು ನೆಲೆಸಿದ ರೈತರ ಊರುಗಳ, ತೆಲುಗು ಮತದಾರರು ಸಿಗ್ತಾರೆ ಅಂತ ಬೆಂಗಳೂರಿನಿಂದ ಬಂದ ಹುಡುಗನೊಬ್ಬ ಐಡಿಯಾ ಕೊಟ್ಟ. ರಾಯಚೂರಿನಲ್ಲಿ ತೆಲುಗು ಸಿನಿಮಾ ನೋಡದವರು ಯಾರಪ್ಪಾ ಇದ್ದಾರೆ!

ಪ್ರಶ್ನೆ ಕೇಳಿ ಸ್ವಭಾವ ಅಳೆಯೋದನ್ನೂ ನೋಡಿದೆವು. ಹತ್ತು ಪ್ರಶ್ನೆಯ ಸಣ್ಣ ಫಾರಂ. ಹುಡುಗರು ಊರೊಳಗೆ ಹೋಗಿ ಕೇಳಿದರೆ ಸುತ್ತ ಐದಾರು ಜನ ನಿಂತಿರುತ್ತಾರೆ. "ನೀವು ಬೇಗ ಸಿಟ್ಟಾಗ್ತೀರಾ?" ಅಂದರೆ ಪಕ್ಕದವನೇ ನಕ್ಕು ಉತ್ತರ ಕೊಡುತ್ತಾನೆ. ಹೆಂಗಸರನ್ನ ಕೇಳಿದರೆ ಬಾಗಿಲಲ್ಲಿ ನಿಂತ ಮಾವನ ಮುಖ ನೋಡುತ್ತಾರೆ. ಬಂದ ಫಾರಂಗಳಲ್ಲಿ ಎಲ್ಲರೂ ಶಿಸ್ತಿನವರು, ಎಲ್ಲರೂ ಶಾಂತ ಸ್ವಭಾವದವರು. ಆ ಕಟ್ಟನ್ನ ಬದಿಗಿಟ್ಟೆವು.

ಕೈಯಲ್ಲಿ ನಿಜವಾಗಿ ಇದ್ದದ್ದು ಮತದಾರರ ಪಟ್ಟಿ. ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು, ಮನೆ ನಂಬರ್. ಫೋನ್ ನಂಬರ್ ಇರಲ್ಲ, ಜಾತಿ ಇರಲ್ಲ. ಪಿಡಿಎಫ್‌ನಿಂದ ಎಕ್ಸೆಲ್‌ಗೆ ತರೋ ಹೊತ್ತಿಗೆ ಒತ್ತಕ್ಷರ ಎಲ್ಲಾ ಚೆಲ್ಲಾಪಿಲ್ಲಿ, ಹುಡುಗರು ಕೂತು ತಿದ್ದಿದರು. ಇಲ್ಲಿಂದ ಮುಂದೆಯೇ ಕೆಸರು. ನಂಬರ್ ಸಮೇತ ಪಟ್ಟಿ ಮಾರೋರು ತಾವಾಗಿಯೇ ಫೋನ್ ಮಾಡ್ತಾರೆ. ಎಲ್ಲಿಂದ ಬಂತು ಅಂದರೆ "ಅದೆಲ್ಲಾ ನಿಮಗ್ಯಾಕ್ರಿ" ಅಂತಾರೆ. 2022ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಮತದಾರರ ಮಾಹಿತಿ ಕದ್ದ ಆರೋಪದ ಗಲಾಟೆ ಆಗಿ ಕೇಸ್ ಬಿದ್ದಿತ್ತು, ಅದನ್ನೇ ತೋರಿಸಿ ನಾನು ಬೇಡ ಅಂದೆ. ನಾವು ಮಿಸ್ಡ್ ಕಾಲ್ ನಂಬರ್ ಹಾಕಿದೆವು, ಕಾರ್ಯಕರ್ತರು ಮನೆಮನೆಗೆ ಹೋದಾಗ ಕೇಳಿ ಬರೆದುಕೊಂಡರು. ಪಟ್ಟಿ ಚಿಕ್ಕದಾಯಿತು. ಆದರೆ ಆ ನಂಬರಿಗೆ ಮೆಸೇಜ್ ಹೋದರೆ ಓದೋರಿದ್ದರು.

ಜಾತಿ ಕಾಲಂ ಬೇಕೇ ಬೇಕು ಅಂತ ಅಭ್ಯರ್ಥಿಯ ಕಡೆಯವರು ಹಟ ಹಿಡಿದರು. ಹೆಸರಿನ ಕೊನೆ ನೋಡಿ ಜಾತಿ ತುಂಬೋ ಸಾಫ್ಟ್‌ವೇರ್ ಇದೆ, ಅದು ಅರ್ಧ ತಪ್ಪು ತುಂಬುತ್ತೆ. ಬೂತ್ ಏಜೆಂಟ್ ಮನೆ ನಂಬರ್ ನೋಡಿಯೇ ಇದು ಯಾರ ಮನೆ, ಅಣ್ಣತಮ್ಮಂದಿರು ಯಾಕೆ ಬೇರೆಯಾದರು, ಹೋದ ಸಲ ಯಾರಿಗೆ ಹಾಕಿದರು ಅಂತ ಹೇಳಿಬಿಡುತ್ತಾನೆ. ಆ ತಲೆಯೊಳಗಿನದ್ದನ್ನೆಲ್ಲಾ ಎಕ್ಸೆಲ್‌ಗೆ ಇಳಿಸಿದರೆ ಫೇಸ್‌ಬುಕ್ ಲೈಕಿಗಿಂತ ನೂರು ಪಾಲು ಅಪಾಯ. ಹಾಗಾಗಿ ಆ ಕಾಲಂ ಇಲ್ಲದೇ ಶುರು ಮಾಡಿದೆವು. ಅವರ ಕಡೆಯವರು ಆಮೇಲೆ ಬೇರೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು ಅಂತ ಗೊತ್ತಾಯಿತು.

ನನಗೆ ನಿಜವಾಗಿ ಕೆಲಸಕ್ಕೆ ಬಂದದ್ದು ಕಮೆಂಟ್ ಓದೋದು. ಲೋಕಲ್ ಸುದ್ದಿ ಪೇಜ್, ಯೂಟ್ಯೂಬ್ ಚಾನೆಲ್‌ಗಳ ಕೆಳಗೆ ಜನ ಬರೆದದ್ದನ್ನ ದಿನಾ ರಾತ್ರಿ ಇಬ್ಬರು ಕೂತು ಓದಿ ನಾಲ್ಕು ಗುಂಪು ಮಾಡುತ್ತಿದ್ದೆವು: ಭಯ, ಸಿಟ್ಟು, ಆಸೆ, ಮರ್ಯಾದೆ. ಕೊನೆಯದನ್ನ ಮೊದಲು ಇಟ್ಟಿರಲಿಲ್ಲ. ಓದುತ್ತಾ ಓದುತ್ತಾ ಬೇಕಾಯಿತು. "ಓಟು ಕೇಳಾಕ ಬಂದಾಗ ಕಾಲು ಹಿಡೀತೀರಿ, ಮನ್ಯಾಗ ಸಾವಾದ್ರ ಈ ಕಡಿ ಹಾಯಂಗಿಲ್ಲ" ಅನ್ನೋ ಥರದ ಮಾತು ಮತ್ತೆ ಮತ್ತೆ. ರಸ್ತೆ, ನೀರಿನ ಬಗ್ಗೆ ಬೈದವರಿಗಿಂತ ಇವರ ಸಿಟ್ಟು ಆಳ. ಕೋವಿಡ್‌ನಲ್ಲಿ ಸಾವಾದ, ಅಭ್ಯರ್ಥಿ ಹೋಗದೇ ಉಳಿದ ಮನೆಗಳ ಪಟ್ಟಿ ಮಾಡಿಸಿದೆ. ಅಭ್ಯರ್ಥಿ ಸಂಜೆ ಹೊತ್ತು ಒಬ್ಬರೇ ಹೋಗಿ ಕೂತು ಬಂದರು. ಕ್ಯಾಮೆರಾ ಬೇಡ, ಫೇಸ್‌ಬುಕ್ ಲೈವ್ ಬೇಡ ಅಂತ ಮೊದಲೇ ಹೇಳಿದ್ದೆ. ಅಳಿಯನಿಗೆ ಇದು ಸೋಷಿಯಲ್ ಮೀಡಿಯಾ ಕೆಲಸ ಅಂತ ಅನ್ನಿಸಲೇ ಇಲ್ಲ.

ಈಗ ಕಾಲುವೆ ವಿಷಯ. ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದ್‌ನಿಂದ ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿನವರೆಗೆ ಬರುತ್ತೆ. ಮೇಲ್ಭಾಗದವರು ಭತ್ತ ಹಾಕ್ತಾರೆ, ಕೊನೆಭಾಗಕ್ಕೆ ನೀರು ಮುಟ್ಟಲ್ಲ. ಕಾಲುವೆಯ 69ನೇ ಮೈಲಿನಲ್ಲಿ ಗೇಜ್, ಅಂದರೆ ನೀರಿನ ಮಟ್ಟ, ಎಷ್ಟಿದೆ ಅನ್ನೋದು ನಮ್ಮ ಕಡೆ ಕ್ರಿಕೆಟ್ ಸ್ಕೋರಿಗಿಂತ ದೊಡ್ಡ ಸುದ್ದಿ. ನಮ್ಮ ಕ್ಷೇತ್ರದಲ್ಲೂ ಒಂದೇ ಉಪಕಾಲುವೆಯ ಮೇಲಿನ ಊರುಗಳಿವೆ, ಕೊನೆಯ ಊರುಗಳೂ ಇವೆ. ಅಳಿಯ ಮತ್ತು ಅವರ ತಂಡದ ಪ್ಲಾನ್ ಸರಳ. ಕೊನೆ ಊರುಗಳಿಗೆ "ಮೇಲಿನವರ ಅಕ್ರಮ ನೀರಾವರಿ ನಿಲ್ಲಿಸ್ತೀವಿ" ಅನ್ನೋ ವಿಡಿಯೊ. ಮೇಲಿನ ಊರುಗಳಿಗೆ "ನಿಮ್ಮ ಭತ್ತದ ತಂಟೆಗೆ ಯಾರೂ ಬರಲ್ಲ" ಅನ್ನೋ ವಿಡಿಯೊ. ಬೇರೆ ಬೇರೆ ಗ್ರೂಪು, ಬೇರೆ ಬೇರೆ ಜಾಹೀರಾತು. ಈ ವಿದ್ಯೆಯ ಮುಖ್ಯ ಸರಕೇ ಇದು: ಒಬ್ಬೊಬ್ಬರಿಗೆ ಒಂದೊಂದು ಮಾತು, ಪಕ್ಕದವನಿಗೆ ಕೇಳಿಸದ ಹಾಗೆ.

ನಾನು ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ಬೀಗರು ಯಾವ ಊರವರು?" ಮೇಲಿನ ಊರಿನ ಹುಡುಗಿಯನ್ನ ಕೊನೆ ಊರಿಗೆ ಕೊಟ್ಟಿರುತ್ತಾರೆ, ಕೊನೆ ಊರಿನವರು ಸೋದರಮಾವನ ಮನೆಗೆ ಮೇಲಿನ ಊರಿಗೆ ಹೋಗ್ತಾರೆ. ಅಮೆರಿಕದಲ್ಲಿ ಜಾಹೀರಾತು ಒಬ್ಬನ ಪರದೆಯಲ್ಲೇ ಉಳಿದೀತು, ಇಲ್ಲಿ ಸಂಜೆಯೊಳಗೆ ಬೀಗರ ಗ್ರೂಪಿಗೆ ಬಿದ್ದಿರುತ್ತೆ. ಒಂದು ಸಲಕ್ಕೆ ಐದೇ ಚಾಟ್‌ಗೆ ಫಾರ್ವರ್ಡ್ ಅಂತ ವಾಟ್ಸಾಪ್ 2018ರಲ್ಲಿ ಮಿತಿ ಹಾಕಿತು, ನಿಜ. ಆದರೆ ನಮ್ಮ ಜನಕ್ಕೆ ಐದು ಸಾಕು, ಅಲ್ವಾ? ಎದುರಾಳಿ ಎರಡೂ ವಿಡಿಯೊ ಪಕ್ಕಪಕ್ಕ ಇಟ್ಟು ಸ್ಟೇಟಸ್ ಹಾಕಿದರೆ ಮುಗೀತು. ಅಭ್ಯರ್ಥಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಸಣ್ಣಾಕಿನ್ನ ಕೊಟ್ಟದ್ದು ಕಡೀ ಊರಿಗೇ" ಅಂದರು. ಪ್ಲಾನ್ ಅಲ್ಲೇ ಬಿತ್ತು.

ಹಾಗಾಗಿ ಮಾತು ಒಂದೇ ಇಟ್ಟೆವು: ಉಪಕಾಲುವೆಯ ಹೂಳು, ಮುರಿದ ಗೇಟ್, ಸರದಿ ಪ್ರಕಾರ ನೀರು. ಹೇಳೋ ಬಾಯಿ ಬದಲಿಸಿದೆವು. ಕೊನೆ ಊರುಗಳಿಗೆ ಒಣಗಿದ ಹೊಲಗಾಲುವೆಯಲ್ಲಿ ನಿಂತ ಹಿರಿಯ ರೈತರೊಬ್ಬರು ಮಾತಾಡಿದರು, ಸ್ಕ್ರಿಪ್ಟ್ ಇಲ್ಲ. ಮೇಲಿನ ಊರುಗಳಿಗೆ ಅಲ್ಲಿಯ ಭತ್ತದ ರೈತನೇ, "ನೀರು ಸೋರಿ ಹೋಗೋದು ನಿಂತ್ರ ನಮಗೂ ಸಾಲತೈತಿ, ಅವರಿಗೂ ಮುಟ್ಟತೈತಿ" ಅಂದರು. ಕ್ಯಾಂಪ್‌ಗಳಿಗೆ ತೆಲುಗಿನಲ್ಲಿ, ಪಟ್ಟಣದ ಕೆಲವು ಓಣಿಗಳಿಗೆ ಉರ್ದುವಿನಲ್ಲಿ. ಎರಡು ವಿಡಿಯೊ ಪಕ್ಕಪಕ್ಕ ಇಟ್ಟರೂ ಜಗಳ ಹುಟ್ಟಲ್ಲ. ಮನಃಶಾಸ್ತ್ರ ಅಂತ ನಾನು ಬಳಸಿದ್ದು ಬಹುತೇಕ ಇಷ್ಟೇ: ಏನು ಹೇಳಿದರು ಅನ್ನೋದಕ್ಕಿಂತ ಯಾರು ಹೇಳಿದರು ಅನ್ನೋದನ್ನ ಜನ ಮೊದಲು ನೋಡ್ತಾರೆ.

ಸ್ವಭಾವಕ್ಕೆ ತಕ್ಕ ಜಾಹೀರಾತು ಕೆಲಸವೇ ಮಾಡಲ್ಲ ಅಂತ ನಾನು ಹೇಳುತ್ತಿಲ್ಲ. 35 ಲಕ್ಷಕ್ಕೂ ಹೆಚ್ಚು ಜನರಿಗೆ ಜಾಹೀರಾತು ತೋರಿಸಿದ 2017ರ ಒಂದು ಅಧ್ಯಯನದಲ್ಲಿ ಕ್ಲಿಕ್ ಶೇ 40ರವರೆಗೆ ಜಾಸ್ತಿಯಾಗಿತ್ತು. ಅಲ್ಲಿ ಮಾರಿದ್ದು ಸೌಂದರ್ಯ ಸಾಮಗ್ರಿಯಂಥ ವಸ್ತು. ಕ್ಲಿಕ್ ಬೇರೆ, ಮತ ಬೇರೆ. ನಮ್ಮಲ್ಲೂ ಸಿಟ್ಟಿನ ವಿಡಿಯೊನೇ ಜಾಸ್ತಿ ಓಡುತ್ತಿತ್ತು. ಆದರೆ ಅದಕ್ಕೆ ಲೈಕ್ ಒತ್ತಿದವರ ಪ್ರೊಫೈಲ್ ತೆರೆದರೆ ಎಷ್ಟೋ ಜನ ಕ್ಷೇತ್ರದವರೇ ಅಲ್ಲ.

ಕ್ಷೇತ್ರದವರಾಗಿದ್ದೂ ಫೇಸ್‌ಬುಕ್‌ಗೆ ಕಾಣದವರು ಗುಳೆ ಹೋದವರು. ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸದಲ್ಲಿರೋ ಹುಡುಗನಿಗೆ ನಮ್ಮ ತಾಲ್ಲೂಕಿನ ಮೇಲೆ ಬಿಟ್ಟ ಜಾಹೀರಾತು ತೋರಿಸಲ್ಲ, ಅವನ ಮತ ಮಾತ್ರ ಇಲ್ಲೇ. ಅವನನ್ನ ಮುಟ್ಟಿದ್ದು ಮನೆಯವರ ಸ್ಟೇಟಸ್ ಮತ್ತು ಮೇಸ್ತ್ರಿಯ ಗ್ರೂಪ್. ಬಸ್ ಮಾಡಿಸಿ ಕರೆಸೋಣ ಅಂತ ಮಾತು ಬಂತು. ಮತಗಟ್ಟೆಗೆ ಪುಕ್ಕಟೆ ವಾಹನದಲ್ಲಿ ಮತದಾರರನ್ನ ಕರೆತಂದರೆ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಸೆಕ್ಷನ್‌ನಲ್ಲಿ ಅದು ಭ್ರಷ್ಟ ಆಚರಣೆ. ನಾನು ಆ ಪಟ್ಟಿ ತಯಾರಿಸಲಿಲ್ಲ.

ಕಾಗದದ ಕೆಲಸವನ್ನ ಹೊಸಬರು ಹಗುರವಾಗಿ ತೆಗೆದುಕೊಳ್ತಾರೆ. ರಾಜಕೀಯ ಜಾಹೀರಾತಿಗೆ ಫೇಸ್‌ಬುಕ್‌ನಲ್ಲಿ ಗುರುತು ಪರಿಶೀಲನೆ ಆಗಬೇಕು, ದುಡ್ಡು ಯಾರದು ಅಂತ ಬರೀಬೇಕು, ಆ ಜಾಹೀರಾತು ಯಾರು ಬೇಕಾದರೂ ನೋಡಬಹುದಾದ ಆಡ್ ಲೈಬ್ರರಿಯಲ್ಲಿ ಏಳು ವರ್ಷ ಇರುತ್ತೆ. ಬಿಡೋ ಮುಂಚೆ ಜಿಲ್ಲೆಯ ಮಾಧ್ಯಮ ಪ್ರಮಾಣೀಕರಣ ಸಮಿತಿಯ ಒಪ್ಪಿಗೆ ಬೇಕು. ಖರ್ಚು ಅಭ್ಯರ್ಥಿಯ 40 ಲಕ್ಷದ ಮಿತಿಯೊಳಗೇ ಸೇರುತ್ತೆ. ಮತದಾನ ಮುಗಿಯೋ ಹೊತ್ತಿಗೆ 48 ಗಂಟೆ ಮುಂಚೆ ಎಲ್ಲಾ ನಿಲ್ಲಿಸಬೇಕು. ಪರಿಶೀಲನೆಗೆ ಸಮಯ ಹಿಡಿಯುತ್ತೆ, ನಾಮಪತ್ರಕ್ಕಿಂತ ಮೊದಲೇ ಶುರು ಮಾಡಿ.

ಚುನಾವಣೆ ಮುಗಿದ ಮೇಲೆ ಪಟ್ಟಿಯನ್ನ ಪೆನ್‌ಡ್ರೈವ್‌ನಲ್ಲಿ ಹಾಕಿಕೊಡಿ ಅಂದರು, ಜಿಲ್ಲಾ ಪಂಚಾಯಿತಿ ಚುನಾವಣೆಗೆ ಬೇಕಂತೆ. ಜನ ನಂಬರ್ ಕೊಟ್ಟದ್ದು ಈ ಚುನಾವಣೆಯ ಸುದ್ದಿಗೆ ಅಂತ ಹೇಳಿ ನಮ್ಮ ಕಡೆಯ ಪ್ರತಿ ಅಳಿಸಿಹಾಕಿದೆ. ಬೂತಿನವರ ಹತ್ತಿರ ಇದ್ದ ಪ್ರಿಂಟ್‌ಗಳು ಎಲ್ಲೆಲ್ಲಿ ಹೋದವೋ. ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಬಂದಿದ್ದು ಅದಾಗಿ ಮೂರು ತಿಂಗಳಿಗೆ, 2023ರ ಆಗಸ್ಟ್‌ನಲ್ಲಿ.

ಈಗ ಕೆಲಸ ಒಪ್ಪಿಕೊಳ್ಳೋ ಮುಂಚೆ ಎರಡು ಷರತ್ತು ಹೇಳುತ್ತೇನೆ. ಕೊಂಡು ತಂದ ಪಟ್ಟಿ ಮುಟ್ಟಲ್ಲ. ಒಂದು ಊರಿಗೆ ಹೇಳಿದ ಭರವಸೆಯನ್ನ ಇನ್ನೊಂದು ಊರಲ್ಲಿ ತಿರುಗಿಸಿ ಹೇಳಲ್ಲ. 2024ರ ಲೋಕಸಭೆ ಚುನಾವಣೆ ಹೊತ್ತಿಗೆ ಬರ ಬಿದ್ದಿತ್ತು, ಎರಡನೇ ಬೆಳೆಗೆ ಕಾಲುವೆ ನೀರೇ ಬಂದಿರಲಿಲ್ಲ. ಆಗ ಎರಡನೇ ಷರತ್ತು ಕೇಳಿ ಒಬ್ಬರು ಫೋನ್ ಇಟ್ಟುಬಿಟ್ಟರು. ಇನ್ನೊಬ್ಬರು ಒಪ್ಪಿದರು, ಅಡ್ವಾನ್ಸ್ ಮಾತ್ರ ಅರ್ಧ ಮಾಡಿದರು.