ಪ್ರೌಢಶಾಲೆ ಎಲ್ಲರಿಗೂ ಸಿಗಬೇಕಾದರೆ ಯಾವ ಕೆಲಸ ಮೊದಲು, ಯಾವುದು ಆಮೇಲೆ?

ಮಕ್ಕಳನ್ನು ಪ್ರಾಥಮಿಕ ಶಾಲೆಗೆ ಸೇರಿಸುವ ಕೆಲಸದಲ್ಲಿ ಎಷ್ಟೋ ದೇಶಗಳು ಬಹಳ ಮುಂದೆ ಬಂದಿವೆ. ಕಷ್ಟ ಶುರುವಾಗುವುದು ಅಲ್ಲಿಂದಾಚೆ. 2030ರೊಳಗೆ ಪ್ರತಿ ಮಗುವೂ ದುಡ್ಡು ಕೊಡದೆ ಒಳ್ಳೆಯ ಪ್ರೌಢಶಿಕ್ಷಣ ಮುಗಿಸಬೇಕು ಎಂದು ವಿಶ್ವಸಂಸ್ಥೆಯ ದೇಶಗಳು 2015ರಲ್ಲಿ ಗುರಿ ಇಟ್ಟುಕೊಂಡವು. ಗುರಿಯೇನೋ ಸರಿ, ಸರ್ಕಾರ ಅದನ್ನು ಮುಟ್ಟುವುದು ಹೇಗೆ? ಕಟ್ಟಡ ಕಟ್ಟಿ ಬೋರ್ಡು ಹಾಕಿದರೆ ಆಯ್ತು ಅನಿಸುತ್ತದೆ, ಅಲ್ವಾ? ಅದಕ್ಕೂ ಮುಂಚೆ ಮಾಡುವ ಕೆಲಸ ಬೇಕಾದಷ್ಟಿದೆ.

ಮೊದಲು, ಮಕ್ಕಳು ಎಲ್ಲಿ ನಿಲ್ಲುತ್ತಾರೆ ನೋಡಿ

ಒಟ್ಟು ದಾಖಲಾತಿಯ ಸಂಖ್ಯೆ ಇಲ್ಲಿ ಸಾಲದು. ಎಂಟನೇ ಕ್ಲಾಸು ಮುಗಿಸಿದವರ ಹೆಸರಿನ ಪಟ್ಟಿ ಒಂದು ಕೈಯಲ್ಲಿ, ಒಂಬತ್ತನೇ ಕ್ಲಾಸಿನ ಹಾಜರಿ ಪುಸ್ತಕ ಇನ್ನೊಂದು ಕೈಯಲ್ಲಿ ಹಿಡಿಯಬೇಕು. ಯಾವ ಹೆಸರು ಕಾಣೆಯಾಗಿದೆಯೋ ಆ ಮನೆಗೆ ಹೋಗಿ ಕೇಳಬೇಕು. ಶಾಲೆ ದೂರವೇ? ಫೀಸೇ? ಫೇಲಾದದ್ದೇ? ಮನೆಯಲ್ಲಿ ಕೆಲಸವೇ? ಮದುವೆಯೇ? ಒಂದೊಂದಕ್ಕೂ ಒಂದೊಂದು ಮದ್ದು. ಭಾರತದ 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ, ಅಂದರೆ ಎಂಟನೇ ಕ್ಲಾಸಿನವರೆಗೆ. ಆ ಕಾಯ್ದೆಯ ಆಸರೆ ತಪ್ಪುವ ಜಾಗದಲ್ಲೇ ಮಗು ಶಾಲೆ ಬದಲಿಸಬೇಕಾಗಿ ಬಂದರೆ, ಅಲ್ಲಿ ಜಾಸ್ತಿ ಕಣ್ಣಿಡಬೇಕು.

ಆಮೇಲೆ ದೂರ ಕಡಿಮೆ ಮಾಡಿ

ಪ್ರತಿ ಜನವಸತಿಗೂ 5 ಕಿಲೋಮೀಟರ್ ಒಳಗೆ ಪ್ರೌಢಶಾಲೆ ಇರಬೇಕು ಎಂಬುದು ಭಾರತದಲ್ಲಿ 2009ರಲ್ಲಿ ಶುರುವಾದ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಾ ಅಭಿಯಾನದ ಗುರಿಗಳಲ್ಲೊಂದಾಗಿತ್ತು. ಕಾಗದದ ಮೇಲೆ 5 ಕಿಲೋಮೀಟರ್ ಹತ್ತಿರವೇ. ನಡೆಯುವ ಹುಡುಗಿಗೆ ಹೋಗಿಬರಲು ದಿನಕ್ಕೆ 10.

ಬಿಹಾರ 2006ರಲ್ಲಿ ಬೇರೆ ದಾರಿ ಹಿಡಿಯಿತು. ಒಂಬತ್ತನೇ ಕ್ಲಾಸಿಗೆ ಸೇರಿದ ಹುಡುಗಿಯರಿಗೆ ಸೈಕಲ್ ಕೊಳ್ಳಲು ಹಣ ಕೊಟ್ಟಿತು. ಪ್ರೌಢಶಾಲೆ ಸೇರುವ ಹುಡುಗಿಯರ ಪ್ರಮಾಣ ಇದರಿಂದ ಶೇ 32ರಷ್ಟು ಏರಿತು, ಹುಡುಗ-ಹುಡುಗಿಯರ ನಡುವಿನ ಅಂತರ ಶೇ 40ರಷ್ಟು ಇಳಿಯಿತು ಎಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಲಾಭ ಹೆಚ್ಚಾಗಿ ಕಂಡದ್ದು ಶಾಲೆ 3 ಕಿಲೋಮೀಟರಿಗಿಂತ ದೂರ ಇದ್ದ ಊರುಗಳಲ್ಲಿ. ಹುಡುಗಿಯರನ್ನು ತಡೆದದ್ದು ದಾರಿಯೇ ಎನ್ನುವುದಕ್ಕೆ ಇನ್ನೇನು ಬೇಕು?

ಹೊಸ ಶಾಲೆಯೇ ಬೇಕು ಅನ್ನುವ ಕಡೆ, ಇರುವ ಪ್ರಾಥಮಿಕ ಶಾಲೆಗೇ ಮೇಲಿನ ತರಗತಿ ಸೇರಿಸುವುದು ಸುಲಭ. ಮೆಕ್ಸಿಕೋ 1968ರಿಂದ ಹಳ್ಳಿಗಳಲ್ಲಿ ಟಿವಿ ಪಾಠದ ಶಾಲೆಗಳನ್ನು ನಡೆಸಿಕೊಂಡು ಬಂದಿದೆ. ಪಾಠ ಟಿವಿಯಲ್ಲಿ ಬರುತ್ತದೆ, ಎಲ್ಲ ವಿಷಯಕ್ಕೂ ತರಗತಿಯಲ್ಲಿ ಒಬ್ಬರೇ ಶಿಕ್ಷಕರು.

ಫೀಸು ತೆಗೆಯುವ ಮುಂಚೆ ಬೆಂಚು ಎಣಿಸಿ

ಉಗಾಂಡ 2007ರಲ್ಲಿ, ಕೀನ್ಯಾ 2008ರಲ್ಲಿ, ಘಾನಾ 2017ರಲ್ಲಿ ಪ್ರೌಢಶಿಕ್ಷಣದ ಬೋಧನಾ ಶುಲ್ಕ ಇಳಿಸುವ ದೊಡ್ಡ ಹೆಜ್ಜೆ ಇಟ್ಟವು. ಘಾನಾದಲ್ಲಿ ಎಷ್ಟು ಮಕ್ಕಳು ಬಂದರೆಂದರೆ, 2018ರಲ್ಲಿ ಪಾಳಿ ಪದ್ಧತಿ ತರಬೇಕಾಯಿತು. ಒಂದು ಗುಂಪು ಶಾಲೆಯಲ್ಲಿದ್ದಾಗ ಇನ್ನೊಂದು ಗುಂಪಿಗೆ ಮನೆಯಲ್ಲಿ ರಜೆ. ಮಕ್ಕಳು ಬಂದದ್ದು ಸಂತೋಷದ ಸಂಗತಿಯೇ. ಆದರೆ ಕೋಣೆ, ಶಿಕ್ಷಕರ ಲೆಕ್ಕ ಮೊದಲೇ ಆಗಬೇಕು.

ಫೀಸು ಹೋದರೂ ಬಟ್ಟೆ, ನೋಟ್‌ಬುಕ್, ಬಸ್ಸಿನ ಖರ್ಚು ಹೋಗುವುದಿಲ್ಲ. ಬಾಂಗ್ಲಾದೇಶ 1994ರಲ್ಲಿ ಹಳ್ಳಿಯ ಹೈಸ್ಕೂಲು ಹುಡುಗಿಯರಿಗೆಲ್ಲ ವಿದ್ಯಾರ್ಥಿವೇತನ ಶುರುಮಾಡಿತು. ಶೇ 75 ಹಾಜರಿ ಇರಬೇಕು, ಮದುವೆ ಆಗಿರಬಾರದು ಎಂಬ ಷರತ್ತು ಹಾಕಿತು. ದುಡ್ಡು ಹೋಗಿದ್ದು ಹುಡುಗಿಯ ಹೆಸರಿನ ಬ್ಯಾಂಕ್ ಖಾತೆಗೆ. ನನಗೆ ಬಹಳ ಮೆಚ್ಚುಗೆಯಾದದ್ದು ಇದೇ.

ಟೈಮ್‌ಟೇಬಲ್ ಹಾಕಿ ನೋಡಿ, ಎಲ್ಲ ಗೊತ್ತಾಗುತ್ತದೆ

ಹೆಚ್ಚು ಎಡವುವುದು ಇಲ್ಲೇ. ಪ್ರಾಥಮಿಕದಲ್ಲಿ ಒಬ್ಬರೇ ಶಿಕ್ಷಕರು ನಾಲ್ಕು ವಿಷಯ ನಿಭಾಯಿಸಬಹುದು. ಹೈಸ್ಕೂಲಿನಲ್ಲಿ ಗಣಿತಕ್ಕೆ ಗಣಿತದವರೇ ಬೇಕು. ಒಂದು ಶಾಲೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಒಂಬತ್ತು, ಹತ್ತು ಎರಡಕ್ಕೂ ಎರಡೆರಡು ಸೆಕ್ಷನ್, ವಾರಕ್ಕೆ 6 ಗಣಿತದ ಪೀರಿಯಡ್. ಒಟ್ಟು 24. ಒಬ್ಬ ಮೇಷ್ಟ್ರು ಸಾಕು. ದಾಖಲಾತಿ ಏರಿ ಮೂರು ಮೂರು ಸೆಕ್ಷನ್ ಆದರೆ 36 ಪೀರಿಯಡ್. ಸೆಕ್ಷನ್ನಿಗೆ 40 ಮಕ್ಕಳೆಂದರೆ 240 ನೋಟ್‌ಬುಕ್. ಒಂದೊಂದಕ್ಕೆ ಎರಡೇ ನಿಮಿಷ ಕೊಟ್ಟರೂ ಒಂದು ಸಲ ತಿದ್ದಲು 8 ಗಂಟೆ. ಇನ್ನೊಬ್ಬ ಮೇಷ್ಟ್ರು ಬೇಕೇ ಬೇಕು. ಎಲ್ಲಿಂದ ತರಬೇಕು ಅವರನ್ನು? ತಿದ್ದದ ಪುಸ್ತಕದಲ್ಲಿ ತಪ್ಪು ಲೆಕ್ಕ ತಪ್ಪಾಗಿಯೇ ಉಳಿಯುತ್ತದೆ.

ಶಿಕ್ಷಕರನ್ನು ತಯಾರು ಮಾಡಲು ಪದವಿ, ತರಬೇತಿ, ನೇಮಕಾತಿ ಸೇರಿ ವರ್ಷಗಳೇ ಬೇಕು. ಹಾಗಾಗಿ ಗೋಡೆ ಏಳುವ ಮೊದಲೇ ನೇಮಕಾತಿ ಶುರುವಾಗಬೇಕು. ದೂರದ ಶಾಲೆಗೆ ಹೋಗುವವರಿಗೆ ಉಳಿಯಲು ಮನೆ ಕೊಡಬೇಕು. ಇಲ್ಲದಿದ್ದರೆ ಬಂದವರು ವರ್ಗಾವಣೆಗೆ ಅರ್ಜಿ ಹಾಕಿ ಕಾಯುತ್ತಾರೆ.

ನೀರು ಬರುವ, ಚಿಲಕ ಬೀಳುವ ಶೌಚಾಲಯ, ಬೀಗ ತೆಗೆದಿರುವ ಪ್ರಯೋಗಾಲಯ. ಇವೆರಡನ್ನೂ ಕೊನೆಗೆ ನೋಡೋಣ ಎಂದು ಬಿಡಬೇಡಿ.

ಬಂದ ಮಗು ಓದುತ್ತದೆಯೇ?

ಒಂಬತ್ತಕ್ಕೆ ಬಂದವರಲ್ಲಿ ಕೆಲವರಿಗೆ ಒಂದು ಪುಟ ಸರಾಗವಾಗಿ ಓದಲು ಬರುವುದಿಲ್ಲ. ಅವರ ಮುಂದೆ ಬೀಜಗಣಿತ ಇಟ್ಟು ಏನು ಫಲ? ಮೊದಲ ವಾರದಲ್ಲೇ ಓದಿಸಿ, ಲೆಕ್ಕ ಮಾಡಿಸಿ ನೋಡಬೇಕು. ಹಿಂದುಳಿದವರಿಗೆ ಕೆಲವು ತಿಂಗಳು ದಿನಕ್ಕೊಂದು ಪೀರಿಯಡ್ ಬೇರೆಯಾಗಿ ಕೊಡಬೇಕು. ಅದನ್ನು ಟೈಮ್‌ಟೇಬಲ್‌ನಲ್ಲಿ ಬರೆದೇ ಇಡಬೇಕು, ಇಲ್ಲದಿದ್ದರೆ ಆ ಹೊತ್ತು ಬೇರೆ ಕೆಲಸಕ್ಕೆ ಹೋಗುತ್ತದೆ.

ವರ್ಷ ಕಳೆದ ಮೇಲೆ ಅದೇ ಹೆಸರಿನ ಪಟ್ಟಿ ತೆಗೆದುಕೊಂಡು ಹತ್ತನೇ ಕ್ಲಾಸಿನ ಬಾಗಿಲಲ್ಲಿ ನಿಂತು, ಒಂದೊಂದೇ ಹೆಸರು ಕೂಗಿ ನೋಡಿ.