ಮೂವತ್ತು-ನಲವತ್ತು ಸೈಟಿನಲ್ಲಿ ಲಂಬ ಆಂಟೆನಾ: ದೂರದ ಹ್ಯಾಮ್ ಸಂಪರ್ಕಕ್ಕೆ ಕಟ್ಟುವ ಬಗೆ

ದಾವಣಗೆರೆಯಲ್ಲಿ ಮನೆ ಕಟ್ಟಿಸಿದವರಿಗೆ ಮೂವತ್ತು-ನಲವತ್ತು ಎಂದರೆ ಬಿಡಿಸಿ ಹೇಳಬೇಕಾಗಿಲ್ಲ. ಆ ಸೈಟಿನ ಮೂಲೆಯಿಂದ ಮೂಲೆಗೆ ಹಗ್ಗ ಹಿಡಿದರೆ ಸರಿಯಾಗಿ 50 ಅಡಿ ಬರುತ್ತದೆ. ಹವ್ಯಾಸಿ ರೇಡಿಯೊದವರ, ಅಂದರೆ ಹ್ಯಾಮ್‌ಗಳ, 7 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ ಅಡ್ಡ ತಂತಿಯ ಆಂಟೆನಾವಾದ ಅರ್ಧ ತರಂಗದ ಡೈಪೋಲ್‌ಗೆ ಬೇಕಾದದ್ದು ಸುಮಾರು 66 ಅಡಿ. ಪಕ್ಕದ ಮನೆಯವರನ್ನು ಒಪ್ಪಿಸಿ ಒಂದು ತುದಿಯನ್ನು ಅವರ ನೀರಿನ ಟ್ಯಾಂಕಿನ ಕಂಬಕ್ಕೆ ಕಟ್ಟಿದರೂ ತಂತಿ ನೆಲದಿಂದ 25 ಅಡಿಗಿಂತ ಮೇಲೇರುವುದು ಕಷ್ಟ. ಆ ಎತ್ತರ ಈ ಬ್ಯಾಂಡಿನ ಕಾಲು ತರಂಗಕ್ಕಿಂತ ಕಡಿಮೆಯಾದ್ದರಿಂದ ಶಕ್ತಿಯ ಬಹುಪಾಲು ನೆತ್ತಿಯ ಕಡೆಗೆ ಹೋಗಿ, ಮೇಲಿನ ವಾತಾವರಣದ ವಿದ್ಯುದಾವಿಷ್ಟ ಭಾಗವಾದ ಅಯಾನುಗೋಳದಿಂದ ಮರಳಿ, ಬೆಂಗಳೂರು, ಹುಬ್ಬಳ್ಳಿ, ಕೊಚ್ಚಿಗಳನ್ನು ಚೆನ್ನಾಗಿ ಮುಟ್ಟುತ್ತದೆಯೇ ಹೊರತು ಜಪಾನನ್ನೋ ಇಟಲಿಯನ್ನೋ ಸುಲಭವಾಗಿ ಮುಟ್ಟುವುದಿಲ್ಲ. ಇಂತಹ ಜಾಗದಲ್ಲಿ ಡಿಎಕ್ಸ್, ಅಂದರೆ ದೂರದ ದೇಶಗಳ ಸಂಪರ್ಕ, ಮಾಡಬಯಸುವ, ಪರವಾನಗಿಯೂ ಕರೆ ಸಂಕೇತವೂ ಉಳ್ಳ ಹ್ಯಾಮ್‌ಗಳಿಗಾಗಿ, ನಾವೆಲ್ಲ ವರ್ಟಿಕಲ್ ಎಂದು ಕರೆಯುವ ಲಂಬ ಆಂಟೆನಾವನ್ನು ಕಟ್ಟುವ ಬಗೆಯನ್ನು ಇಲ್ಲಿ ವಿವರಿಸುತ್ತೇನೆ.

ಲಂಬ ಆಂಟೆನಾದ ಗುಣವೆಲ್ಲ ಅದು ಅಲೆಯನ್ನು ಕಳುಹಿಸುವ ಕೋನದಲ್ಲಿದೆ. ಸುಮಾರು 300 ಕಿಲೋಮೀಟರ್ ಎತ್ತರದಲ್ಲಿರುವ, ಅಯಾನುಗೋಳದ ಎಫ್2 ಪದರಕ್ಕೆ 30 ಡಿಗ್ರಿ ಕೋನದಲ್ಲಿ ಹೊರಟ ಅಲೆ ಒಂದು ನೆಗೆತಕ್ಕೆ 900 ಕಿಲೋಮೀಟರ್‌ಗಿಂತ ತುಸು ಹೆಚ್ಚು ಸಾಗಿದರೆ, 10 ಡಿಗ್ರಿಯಲ್ಲಿ ಹೊರಟದ್ದು 2,200 ಕಿಲೋಮೀಟರ್ ಸಾಗುತ್ತದೆ. ದಾವಣಗೆರೆಯಿಂದ ಜರ್ಮನಿಗೆ ಸುಮಾರು 7,000 ಕಿಲೋಮೀಟರ್ ಎಂದಿಟ್ಟುಕೊಂಡರೆ ಮೊದಲನೆಯದಕ್ಕೆ ಎಂಟು ನೆಗೆತ ಬೇಕು, ಎರಡನೆಯದಕ್ಕೆ ನಾಲ್ಕು ಸಾಕು. ಪ್ರತಿ ನೆಗೆತದಲ್ಲೂ ಸಂಕೇತ ಸೊರಗುತ್ತದೆ. ಲಂಬ ಆಂಟೆನಾ ತಗ್ಗಿನ ಕೋನದಲ್ಲಿ ಎಲ್ಲ ದಿಕ್ಕಿಗೂ ಸಮನಾಗಿ ಕಳುಹಿಸುತ್ತದೆ, ನೆತ್ತಿಯ ಕಡೆಗೆ ಬಹುತೇಕ ಏನನ್ನೂ ಕಳುಹಿಸುವುದಿಲ್ಲ. ಹೀಗಾಗಿ ಹ್ಯಾಮ್‌ಗಳು ನಿಗದಿತ ವೇಳೆಗೆ ಸೇರಿ ಮಾತನಾಡುವ ಬೆಳಗಿನ 7 ಮೆಗಾಹರ್ಟ್ಸ್ ನೆಟ್‌ನಲ್ಲಿ ಹುಬ್ಬಳ್ಳಿಯ ಗೆಳೆಯರನ್ನು ಮಾತನಾಡಿಸಲು ಇದು ಒದಗದು. ಅದಕ್ಕೆ ತಗ್ಗಿನಲ್ಲೊಂದು ತಂತಿ ಬೇರೆ ಇರಲಿ. 14 ಮೆಗಾಹರ್ಟ್ಸ್‌ನಲ್ಲಿ ಡೈಪೋಲನ್ನು 35 ಅಡಿ ಎತ್ತರಕ್ಕೆ ಏರಿಸಬಲ್ಲವರಿಗೆ ಲಂಬ ಆಂಟೆನಾದಿಂದ ಹೆಚ್ಚಿನ ಲಾಭವಿಲ್ಲ ಎಂಬುದನ್ನೂ ಮುಚ್ಚಿಡಬಾರದು.

ಈ ಆಂಟೆನಾದ ಕಣ್ಣಿಗೆ ಕಾಣುವ ಭಾಗ ಅರ್ಧ ಮಾತ್ರ. ಉಳಿದರ್ಧ ಅದರ ಬುಡದಿಂದ ಹರಡುವ ರೇಡಿಯಲ್ ತಂತಿಗಳಲ್ಲಿದೆ. ಭದ್ರಾವತಿ ಆಕಾಶವಾಣಿಯನ್ನು 675 ಕಿಲೋಹರ್ಟ್ಸ್‌ನಲ್ಲಿ ಕೇಳುತ್ತ ಬೆಳೆದವರು ನಾವು. ಅಂತಹ ಮಧ್ಯಮ ತರಂಗ ಕೇಂದ್ರಗಳ ಕಂಬವೂ ಲಂಬ ಆಂಟೆನಾವೇ, ಮತ್ತು ಕಂಬದ ಸುತ್ತ ಮಣ್ಣಿನೊಳಗೆ ತಾಮ್ರದ ತಂತಿಗಳ ಚಕ್ರವೇ ಹುದುಗಿರುತ್ತದೆ. ಬ್ರೌನ್, ಲೂಯಿಸ್ ಮತ್ತು ಎಪ್‌ಸ್ಟೀನ್ ಎಂಬ ಅಮೆರಿಕದ ಎಂಜಿನಿಯರರು 1937ರಲ್ಲಿ ಪ್ರಕಟಿಸಿದ ಅಳತೆಗಳ ನಂತರ ಪ್ರಸಾರ ಕೇಂದ್ರಗಳಿಗೆ 120 ತಂತಿಗಳ ಲೆಕ್ಕ ರೂಢಿಯಾಯಿತು. ನಮಗೆ ಅಷ್ಟು ಬೇಡ. ಆದರೆ ಒಂದೂ ಬೇಡ ಎಂದುಕೊಂಡರೆ ಏನಾಗುತ್ತದೆ ಎಂಬುದನ್ನು ನಾನೇ ಅನುಭವಿಸಿದ್ದೇನೆ.

ಮೊದಲ ಬಾಡಿಗೆ ಮನೆಯ ಹಿತ್ತಲಿನಲ್ಲಿ 14 ಮೆಗಾಹರ್ಟ್ಸ್‌ಗೆ ಕಡ್ಡಿ ನೆಟ್ಟು, ರೇಡಿಯೊದಿಂದ ಆಂಟೆನಾಕ್ಕೆ ಹೋಗುವ ಕೋಆಕ್ಸ್ ಕೇಬಲ್ಲಿನ ಹೊರ ಜಾಲರಿಯನ್ನು ನೆಲಕ್ಕೆ ಹೊಡೆದ ಒಂದು ಕಬ್ಬಿಣದ ಗೂಟಕ್ಕೆ ಬಿಗಿದಿದ್ದೆ. ಆಂಟೆನಾ ಕೇಬಲ್ಲಿಗೆ ಎಷ್ಟು ತಾಳೆಯಾಗಿದೆ ಎಂದು ಹೇಳುವ ಎಸ್‌ಡಬ್ಲ್ಯೂಆರ್ (1 ಎಂದರೆ ಪೂರ್ತಿ ತಾಳೆ) ಮೀಟರಿನಲ್ಲಿ 1.1 ಬಂತು. ಇದಕ್ಕಿಂತ ಇನ್ನೇನು ಬೇಕು ಎಂದು ಮೂರು ತಿಂಗಳು ಕರೆದೇ ಕರೆದೆ. ದೂರದ ಕೇಂದ್ರಗಳೆಲ್ಲ ಕೇಳಿಸುತ್ತಿದ್ದವು, ನನಗೆ ಓಗೊಡುವವರು ಮಾತ್ರ ಇರಲಿಲ್ಲ. ಕೊನೆಗೆ ಮನೆಯ ವೈರಿಂಗ್‌ನಲ್ಲಿ ಉಳಿದಿದ್ದ ತಂತಿಯನ್ನು ಕತ್ತರಿಸಿ 3 ಮೀಟರ್ ಉದ್ದದ 16 ತುಂಡುಗಳನ್ನು ಬುಡದ ಸುತ್ತ ಹಾಸಿದಾಗ ಎಸ್‌ಡಬ್ಲ್ಯೂಆರ್ 1.4ಕ್ಕೆ ಏರಿತು. ಕೆಟ್ಟಿತು ಎಂದುಕೊಂಡು ಬಿಚ್ಚಿಹಾಕುವವನಿದ್ದೆ. ಅಂದು ಸಂಜೆಯೇ ಇಟಲಿಯ ಕೇಂದ್ರವೊಂದು ಎರಡನೆಯ ಕರೆಗೆ ಉತ್ತರಿಸಿತು.

ಇದರ ಹಿಂದಿನ ಲೆಕ್ಕ ಸರಳವಾಗಿದೆ. ಒಳ್ಳೆಯ ನೆಲದ ಮೇಲೆ ನಿಂತ ಕಾಲು ತರಂಗದ ಕಡ್ಡಿಯ ಪ್ರಸರಣ ರೋಧ (ಅಲೆಯಾಗಿ ಹೊರಹೋಗುವ ಶಕ್ತಿಗೆ ಸಮನಾದ ರೋಧ) ಸುಮಾರು 36 ಓಮ್. ನೆಲದ ನಷ್ಟ 14 ಓಮ್ ಇದ್ದರೆ ಒಟ್ಟು 50 ಆಗಿ, ಕೇಬಲ್ಲಿಗೆ ತಾಳೆಯಾಗಿ, ಮೀಟರು ಸುಂದರವಾಗಿ 1:1 ತೋರಿಸುತ್ತದೆ. ಆದರೆ ನೂರು ವ್ಯಾಟ್‌ನಲ್ಲಿ 28 ವ್ಯಾಟ್ ಮಣ್ಣನ್ನು ಬೆಚ್ಚಗಾಗಿಸುತ್ತಿರುತ್ತದೆ. ನಷ್ಟವನ್ನು ಪೂರ್ತಿ ತೆಗೆದರೆ 50ನ್ನು 36ರಿಂದ ಭಾಗಿಸಿದಷ್ಟು, ಅಂದರೆ 1.4, ಬರುತ್ತದೆ. ನನ್ನ ಗೂಟದ ಆಂಟೆನಾದಲ್ಲಿ ಮೀಟರು ಮೆಚ್ಚಿಕೊಂಡದ್ದು ನಷ್ಟವನ್ನೇ. ಗೂಟ ಸಿಡಿಲಿಗೆ ಬೇಕಾದೀತು, ರೇಡಿಯೊ ಅಲೆಗೆ ಅದು ನೆಲವಲ್ಲ.

ಈಗ ಕಟ್ಟುವ ಕೆಲಸಕ್ಕೆ ಬರೋಣ. ಕಾಲು ತರಂಗದ ಉದ್ದವನ್ನು ಮೀಟರ್‌ಗಳಲ್ಲಿ ಪಡೆಯಲು 71.3ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಬೇಕು: 28.4ಕ್ಕೆ 2.51, 21.2ಕ್ಕೆ 3.36, 14.15ಕ್ಕೆ 5.04, 7.1ಕ್ಕೆ 10.04 ಮೀಟರ್. ಮೊದಲ ಆಂಟೆನಾ 14 ಮೆಗಾಹರ್ಟ್ಸ್‌ನದ್ದಾಗಿರಲಿ. ಹಗಲಿಗೂ ಒದಗುತ್ತದೆ, ಸಂಜೆಗೂ ಒದಗುತ್ತದೆ, ಉದ್ದವೂ ಕೈಗೆ ಮೀರಿದ್ದಲ್ಲ. 6 ಮೀಟರಿನ ಫೈಬರ್ ಗಳವೋ ಒಣಗಿದ ಬಿದಿರೋ ಇದ್ದರೆ ಅದರ ಮೈಗೆ ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ವೈರಿಂಗ್ ತಂತಿಯನ್ನು ಟೇಪು ಸುತ್ತಿ ನಿಲ್ಲಿಸಿದರೆ ಸಾಕು. ಹಸಿ ಬಿದಿರು ಬೇಡ. ಒಳಗಿನ ನೀರು ಆಂಟೆನಾದ ಅನುರಣನವನ್ನು, ಅಂದರೆ ಅದು ಶ್ರುತಿಗೂಡುವ ಆವರ್ತನವನ್ನು, ಕೆಳಗೆಳೆಯುತ್ತದೆ, ಮಳೆಗಾಲದಲ್ಲಿ ಒಣ ಬಿದಿರೂ ಸ್ವಲ್ಪ ಹಾಗೆಯೇ ಮಾಡುತ್ತದೆ.

ಜಾಗವೆಲ್ಲಿ ಎಂಬುದು ಮುಖ್ಯ ಪ್ರಶ್ನೆ. ಮೂವತ್ತು-ನಲವತ್ತರ ತಾರಸಿಯ ನಡುವಿನಿಂದ ಮೂಲೆಗೆ 7.6 ಮೀಟರ್ ಇರುತ್ತದೆ, ಅಂದರೆ 5 ಮೀಟರಿನ ನಾಲ್ಕು ರೇಡಿಯಲ್‌ಗಳನ್ನು ಕರ್ಣದ ಗುಂಟ ಆರಾಮವಾಗಿ ಎಳೆಯಬಹುದು. ಅಗಲದ ಗುಂಟ ಎಳೆಯಹೋದರೆ 4.6 ಮೀಟರ್ ಮಾತ್ರ ಸಿಕ್ಕಿ ತಂತಿ ಪ್ಯಾರಪೆಟ್ ದಾಟುತ್ತದೆ. ಆಂಟೆನಾದ ಬುಡವನ್ನು ತಾರಸಿಯ ಮಟ್ಟದಲ್ಲಿ ಇಡಬೇಡಿ. ಸ್ಲ್ಯಾಬಿನೊಳಗಿನ ಕಬ್ಬಿಣದ ಸರಳುಗಳು ತೀರ ಹತ್ತಿರವಾಗಿ ತಂತಿಗಳ ಶ್ರುತಿ ಕೆಡಿಸುತ್ತವೆ. ಎರಡೂವರೆ ಮೀಟರಿನ ಪೈಪನ್ನು ಕಂಬವಾಗಿ ನಿಲ್ಲಿಸಿಯೋ, ಮೆಟ್ಟಿಲ ಕೋಣೆಯ ನೆತ್ತಿಯನ್ನು ಬಳಸಿಕೊಂಡೋ ಬುಡವನ್ನು ಮೇಲೆತ್ತಿ, ಅಲ್ಲಿಂದ ತಂತಿಗಳನ್ನು ಇಳಿಜಾರಾಗಿ ಮೂಲೆಗಳತ್ತ ಬಿಟ್ಟರೆ ಎರಡು ಲಾಭವಿದೆ: ತಾರಸಿಯಲ್ಲಿ ಓಡಾಡುವವರ ಕಾಲಿಗೆ ತಂತಿ ತೊಡರುವುದಿಲ್ಲ, ಮತ್ತು ರೇಡಿಯಲ್ ಬಾಗಿದಷ್ಟೂ ರೋಧ 36ರಿಂದ ಮೇಲೇರುತ್ತ 45 ಡಿಗ್ರಿಯ ಹೊತ್ತಿಗೆ 50ರ ಹತ್ತಿರ ಬರುತ್ತದೆ. ಇಲ್ಲಿ ಸಿಗುವ 1:1 ಮಾತ್ರ ನಷ್ಟದಿಂದ ಬಂದದ್ದಲ್ಲ. ಹೀಗೆ ಎತ್ತರಿಸಿದ ರೇಡಿಯಲ್‌ಗಳು ನಾಲ್ಕಿದ್ದರೆ ಸಾಕು, ಎದುರುಬದುರಾಗಿ ಎರಡಿದ್ದರೂ ಕೆಲಸ ನಡೆಯುತ್ತದೆ. ಆದರೆ ಅವುಗಳ ಉದ್ದ ಕಡ್ಡಿಯಷ್ಟೇ ಕರಾರುವಾಕ್ಕಾಗಿರಬೇಕು.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳುತ್ತೇನೆ. ಪ್ರಸಾರ ಮಾಡುವಾಗ ಕಡ್ಡಿಯ ತುದಿಯಲ್ಲಿಯೂ ಎತ್ತರಿಸಿದ ರೇಡಿಯಲ್‌ಗಳ ತುದಿಯಲ್ಲಿಯೂ ನೂರಾರು ವೋಲ್ಟ್ ಇರುತ್ತದೆ, ಮುಟ್ಟಿದರೆ ಚರ್ಮ ಸುಡುತ್ತದೆ. ಏಪ್ರಿಲ್‌ನಲ್ಲಿ ನಮ್ಮ ತಾರಸಿಗಳೆಲ್ಲ ಸಂಡಿಗೆ-ಹಪ್ಪಳದ ಅಂಗಳಗಳು. ತಂತಿಯ ತುದಿಗಳನ್ನು ನೈಲಾನ್ ದಾರದಿಂದ ಕೈಗೆ ನಿಲುಕದ ಎತ್ತರಕ್ಕೆ ಕಟ್ಟಿ, ಮೇಲೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಕೀ ಒತ್ತಬೇಕು.

ತಾರಸಿ ಸಿಗದೆ ಹಿತ್ತಲು ಮಾತ್ರ ಇರುವವರು ನೆಲದ ಮೇಲೆಯೇ ನಿಲ್ಲಿಸಬಹುದು. ಅಲ್ಲಿ ನಿಯಮ ಬೇರೆ. ಮಣ್ಣಿಗೆ ತಾಗಿದ ರೇಡಿಯಲ್‌ಗೆ ತನ್ನದೇ ಶ್ರುತಿ ಉಳಿಯುವುದಿಲ್ಲವಾದ್ದರಿಂದ ಉದ್ದಕ್ಕಿಂತ ಸಂಖ್ಯೆ ಮುಖ್ಯ. 40 ಮೀಟರ್ ತಂತಿ ಕೈಯಲ್ಲಿದ್ದರೆ 10 ಮೀಟರಿನ ನಾಲ್ಕು ತುಂಡು ಮಾಡುವುದಕ್ಕಿಂತ ಎರಡೂವರೆ ಮೀಟರಿನ 16 ತುಂಡು ಮಾಡುವುದು ಲೇಸು. ಹೂಳುವುದೂ ಬೇಡ, ಬಾರ್ ಬೆಂಡಿಂಗ್‌ನವರ ಬೈಂಡಿಂಗ್ ವೈರನ್ನು ಯು ಆಕಾರಕ್ಕೆ ಬಗ್ಗಿಸಿ ಪಿನ್ನಿನಂತೆ ಚುಚ್ಚಿ ಹಿಡಿಸಿದರೆ ಒಂದು ಮಳೆಗಾಲದಲ್ಲಿ ಹುಲ್ಲೇ ತಂತಿಯನ್ನು ಮುಚ್ಚುತ್ತದೆ. ದಾವಣಗೆರೆ ಸುತ್ತಿನ ಎರೆಮಣ್ಣು ಹಸಿಯಿದ್ದಾಗ ಒಳ್ಳೆಯ ವಾಹಕ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಒಣಗಿದಾಗ ಅಷ್ಟು ಒಳ್ಳೆಯದಲ್ಲ. ಚಿತ್ರದುರ್ಗದ ಬಂಡೆ ನೆಲದಲ್ಲಿ ಗೂಟವೇ ಇಳಿಯದು. ಅಲ್ಲಿಯವರಿಗೆ ನನ್ನ ಸಲಹೆ ಎತ್ತರಿಸಿದ ರೇಡಿಯಲ್‌ಗಳೇ. ಇಷ್ಟೆಲ್ಲ ಮಾಡಿದರೂ ತಂತಿಗಳು ಸರಿಪಡಿಸುವುದು ಬುಡದ ಬಳಿಯ ನಷ್ಟವನ್ನು ಮಾತ್ರ. ತೀರ ತಗ್ಗಿನ ಕೋನದ ಅಲೆ ಹಲವು ತರಂಗಗಳಾಚೆಯ ನೆಲದಿಂದ ಪ್ರತಿಫಲಿಸಿ ರೂಪುಗೊಳ್ಳುತ್ತದೆ, ಆ ನೆಲ ಯಾರ ಹೊಲವೋ ಯಾರ ಗದ್ದೆಯೋ. ಊರಿನ ಅಂಚಿನಲ್ಲಿ ಭದ್ರಾ ನಾಲೆಯ ನೀರುಂಡ ಗದ್ದೆಗಳ ಕಡೆಗೆ ಮುಖ ಮಾಡಿ ಕುಳಿತವರು ಅದೃಷ್ಟವಂತರು.

ಶ್ರುತಿಗೊಳಿಸುವುದನ್ನು ಒಂದು ಉದಾಹರಣೆಯಿಂದ ತೋರಿಸುತ್ತೇನೆ. ತಂತಿಯನ್ನು ಮೊದಲು 5.20 ಮೀಟರಿಗೆ ಕತ್ತರಿಸಿ, ಆಂಟೆನಾ ಅಳೆಯುವ ಪುಟ್ಟ ಉಪಕರಣವಾದ ನ್ಯಾನೋ ವಿಎನ್‌ಎ ಜೋಡಿಸಿ ನೋಡಿದಾಗ ಎಸ್‌ಡಬ್ಲ್ಯೂಆರ್‌ನ ತಗ್ಗು 13.50 ಮೆಗಾಹರ್ಟ್ಸ್‌ನಲ್ಲಿ ಕಂಡಿತು ಎನ್ನೋಣ. ಬೇಕಾದದ್ದು 14.15. ಹಾಗಾದರೆ 5.20ನ್ನು 13.50ರಿಂದ ಗುಣಿಸಿ 14.15ರಿಂದ ಭಾಗಿಸಿದರೆ 4.96 ಮೀಟರ್ ಬರುತ್ತದೆ. ಸೂತ್ರದ 5.04ಕ್ಕಿಂತ ಇದು ಕಡಿಮೆಯಾಗಲು ತಂತಿಯ ಮೇಲಿನ ಪಿವಿಸಿ ಹೊದಿಕೆ ಕಾರಣ. ಅದು ಅಲೆಯ ವೇಗವನ್ನು ತುಸು ತಗ್ಗಿಸುತ್ತದೆ. 24 ಸೆಂಟಿಮೀಟರನ್ನು ಒಂದೇ ಏಟಿಗೆ ಕತ್ತರಿಸದೆ ಮೊದಲು ಅರ್ಧ ಕತ್ತರಿಸಿ, ಮತ್ತೆ ಅಳೆದು, ಉಳಿದದ್ದನ್ನು ಸ್ವಲ್ಪ ಸ್ವಲ್ಪವೇ ತೆಗೆಯಬೇಕು. ಈ ಬ್ಯಾಂಡಿನಲ್ಲಿ ಒಂದು ಸೆಂಟಿಮೀಟರ್ ಎಂದರೆ ಹೆಚ್ಚುಕಡಿಮೆ 28 ಕಿಲೋಹರ್ಟ್ಸ್.

ಬುಡದಲ್ಲಿ ಕೋಆಕ್ಸ್‌ನ ನಡುತಂತಿ ಕಡ್ಡಿಗೆ, ಜಾಲರಿ ರೇಡಿಯಲ್‌ಗಳಿಗೆ. ಅದರ ಕೆಳಗೇ, ಕೇಬಲ್ಲಿನ ಹೊರಮೈಯಲ್ಲಿ ಹರಿಯುವ ವಿದ್ಯುತ್ತನ್ನು ತಡೆಯುವ ಒಂದು ಚೋಕ್ ಇರಲೇಬೇಕು; ಇಲ್ಲದಿದ್ದರೆ ಕೇಬಲ್ಲಿನ ಹೊರಮೈ ಐದನೆಯ ರೇಡಿಯಲ್ ಆಗಿ ಮನೆಯ ಗದ್ದಲವನ್ನೆಲ್ಲ ರಿಗ್‌ಗೆ, ಅಂದರೆ ರೇಡಿಯೊ ಸೆಟ್ಟಿಗೆ, ತಂದು ಸುರಿಯುತ್ತದೆ. 31 ಎಂಬ ಸಂಖ್ಯೆಯ ಮಿಶ್ರಣದ ದೊಡ್ಡ ಫೆರೈಟ್ ಬಳೆಗೆ ಆರ್‌ಜಿ-58 ಕೇಬಲ್ಲನ್ನು ಹತ್ತು-ಹನ್ನೆರಡು ಸುತ್ತು ಸುತ್ತಿದರೆ ಆಯಿತು. ಕೇಬಲ್ ಉದ್ದವನ್ನು ಮಿತಿಯಲ್ಲಿಡಿ: 30 ಮೀಟರ್ ಆರ್‌ಜಿ-58 14 ಮೆಗಾಹರ್ಟ್ಸ್‌ನಲ್ಲಿ ಸುಮಾರು ಮೂರನೆಯ ಒಂದು ಪಾಲು ಶಕ್ತಿಯನ್ನು ತಾನೇ ನುಂಗುತ್ತದೆ.

7 ಮೆಗಾಹರ್ಟ್ಸ್ ಬೇಕೆನ್ನುವವರಿಗೆ 10 ಮೀಟರ್ ಕಂಬ ಭಾರವಾದೀತು. ಕಡ್ಡಿಯನ್ನು ಅರ್ಧಕ್ಕಿಳಿಸಿ ಕಾಯಿಲ್ ಸೇರಿಸಿದರೆ ಅನುರಣನವೇನೋ ಬರುತ್ತದೆ, ಆದರೆ ಪ್ರಸರಣ ರೋಧ ಹತ್ತು ಓಮ್‌ಗಿಂತಲೂ ಕೆಳಗಿಳಿದು, ಮೊದಲು ಸಹಿಸಬಹುದಾಗಿದ್ದ ನೆಲದ ನಷ್ಟವೇ ಈಗ ಅರ್ಧಕ್ಕಿಂತ ಹೆಚ್ಚು ಪಾಲನ್ನು ತಿನ್ನುತ್ತದೆ. ಅದಕ್ಕಿಂತ 6 ಮೀಟರ್ ಮೇಲಕ್ಕೆ ಹೋಗಿ ಉಳಿದ 4 ಮೀಟರನ್ನು ಅಡ್ಡಕ್ಕೆ ಎಳೆದ ತಲೆಕೆಳಗಾದ ಎಲ್ ಆಕಾರ ನನಗೆ ಹಿಡಿಸಿದೆ. ರೇಡಿಯಲ್‌ಗಳು 10 ಮೀಟರ್ ಹಿಡಿಯದಿದ್ದರೆ ಪ್ಯಾರಪೆಟ್ಟಿನ ಗುಂಟ ಬಗ್ಗಿಸಬಹುದು.

ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಆಷಾಢದ ಗಾಳಿಗೆ ಕಂಬದ ಮೂರನೆಯ ಎರಡು ಭಾಗದ ಎತ್ತರದಲ್ಲಿ ಮೂರು ದಿಕ್ಕಿಗೆ ಹಗ್ಗ ಬಿಗಿಯಲೇಬೇಕು. ಅಂಗಡಿಯ ಅಗ್ಗದ ಹಳದಿ ಹಗ್ಗ ನಮ್ಮ ಬಿಸಿಲಿಗೆ ಎರಡು ಬೇಸಿಗೆಯಲ್ಲಿ ಪುಡಿಯಾಗುತ್ತದೆ. ಕಂಬ ಯಾವ ಕಡೆಗೆ ಉರುಳಿದರೂ ವಿದ್ಯುತ್ ತಂತಿಗೆ ತಾಗದಂತೆ ಅದರ ಎತ್ತರದ ಒಂದೂವರೆ ಪಟ್ಟು ದೂರ ಇರಲಿ. ರಸ್ತೆಯಂಚಿನಲ್ಲಿ 11 ಕಿಲೋವೋಲ್ಟ್ ಮಾರ್ಗವಿರುವ ಮನೆಯಾದರೆ ಆ ಬದಿಯನ್ನು ಮರೆತುಬಿಡಿ. ಮುಂಗಾರಿಗೆ ಮುಂಚಿನ ಗುಡುಗು ಕೇಳಿಸಿದೊಡನೆ ಕೇಬಲ್ಲನ್ನು ರಿಗ್‌ನಿಂದ ಬಿಡಿಸಿ ಮನೆಯ ಹೊರಗಿಡಬೇಕು.

ಲಂಬ ಆಂಟೆನಾ ಗದ್ದಲವನ್ನೂ ಚೆನ್ನಾಗಿ ಹಿಡಿಯುತ್ತದೆ. ಇದನ್ನು ಪತ್ತೆಹಚ್ಚಲು ನಮ್ಮ ಊರುಗಳಲ್ಲಿ ಒಂದು ಸೌಲಭ್ಯವಿದೆ: ಕರೆಂಟ್ ಹೋಗುವುದು. ರಿಗ್ಗನ್ನು ಬ್ಯಾಟರಿಯಲ್ಲಿ ಓಡಿಸುತ್ತ ಕಾಯ್ದಿದ್ದು, ಇಡೀ ಬೀದಿ ಕತ್ತಲಾದಾಗ ರಿಗ್‌ನ ಮೀಟರಿನಲ್ಲಿ ಎಸ್7 ಇದ್ದ ಗದ್ದಲ ಎಸ್2ಕ್ಕೆ ಇಳಿದರೆ ಕಾರಣ ಹೊರಗಿನದೋ ಒಳಗಿನದೋ ಇನ್ನೂ ತಿಳಿಯದು. ಕರೆಂಟ್ ಬಂದ ಮೇಲೆ ಮನೆಯ ಎಂಸಿಬಿಗಳನ್ನು ಒಂದೊಂದಾಗಿ ಇಳಿಸುತ್ತ ಬಂದರೆ ತಿಳಿಯುತ್ತದೆ. ನನ್ನ ಮನೆಯಲ್ಲಿ ಸಿಕ್ಕಿಬಿದ್ದದ್ದು ದೇವರ ಕೋಣೆಯ ಎಲ್‌ಇಡಿ ಸರ.

ಆಂಟೆನಾ ನಿಜಕ್ಕೂ ಕೆಲಸ ಮಾಡುತ್ತಿದೆಯೇ ಎಂದು ನೋಡಲು 14.100 ಮೆಗಾಹರ್ಟ್ಸ್‌ಗೆ ಮೋರ್ಸ್ ಮೋಡಿನಲ್ಲಿ ತಿರುಗಿಸಿ. ತಾವಾಗಿಯೇ ಸಂಕೇತ ಕಳುಹಿಸುವ ಅಂತರರಾಷ್ಟ್ರೀಯ ಬೀಕನ್ ಸರಪಳಿಯ 18 ಸ್ಥಾನಗಳು, ಶ್ರೀಲಂಕಾ, ಜಪಾನ್, ಕೀನ್ಯಾ, ಫಿನ್ಲೆಂಡ್, ಅರ್ಜೆಂಟೀನಾ ಅವುಗಳಲ್ಲಿ ಕೆಲವು, ತಲಾ 10 ಸೆಕೆಂಡಿನಂತೆ ಸರದಿಯಲ್ಲಿ ಬಂದು ಮೂರು ನಿಮಿಷಕ್ಕೊಂದು ಸುತ್ತು ಮುಗಿಸುತ್ತವೆ. ಕರೆ ಸಂಕೇತದ ನಂತರ ನಾಲ್ಕು ಉದ್ದನೆಯ ಗೆರೆಗಳು ಬರುತ್ತವೆ: ಮೊದಲನೆಯದು 100 ವ್ಯಾಟ್, ಮುಂದಿನವು 10, 1 ಮತ್ತು 0.1 ವ್ಯಾಟ್. ಎಷ್ಟು ಗೆರೆ ಕೇಳಿಸಿತೆಂದು ಸಂಜೆ ಐದರಿಂದ ಎಂಟರವರೆಗೆ ಒಂದು ವಾರ ಬರೆದಿಟ್ಟುಕೊಳ್ಳಿ. ಆಮೇಲೆ ಇನ್ನೆರಡು ರೇಡಿಯಲ್ ಸೇರಿಸಿ ಮತ್ತೊಂದು ವಾರ ಬರೆಯಿರಿ. ಉತ್ತರ ಬಂದ ದಿನ ನಿಮ್ಮ ಗ್ರಿಡ್, ಅಂದರೆ ಭೂಪಟದಲ್ಲಿ ನೀವಿರುವ ಚೌಕದ ಸಂಕೇತ, ಕೇಳುತ್ತಾರೆ: ದಾವಣಗೆರೆ ನಗರ ಎಂಕೆ74ರಲ್ಲಿದೆ, ಚಿತ್ರದುರ್ಗ ಎಂಕೆ84ರಲ್ಲಿ.